ಹಳೆಯ 240ಎಸ್‌ಎಕ್ಸ್‌ಗೆ ಮನೆಯಲ್ಲೇ ಟರ್ಬೋ ಎಂಜಿನ್ ಕೂರಿಸುವುದು ಹೇಗೆ

ನನ್ನ ಹತ್ತಿರ 1992ರ ನಿಸಾನ್ 240ಎಸ್‌ಎಕ್ಸ್ ಇದೆ. ಫಾಸ್ಟ್‌ಬ್ಯಾಕ್, ಐದು ಗೇರಿನ ಮ್ಯಾನುಯಲ್. ಹೋದ ವರ್ಷ ಅಕ್ಟೋಬರಿನಿಂದ ಈ ಜನವರಿವರೆಗೆ ಹ್ಯೂಸ್ಟನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಅದರ ಹಳೆಯ ಎಂಜಿನ್ ಇಳಿಸಿ, ಜಪಾನಿನಿಂದ ಬಂದ ಎಸ್‌ಆರ್20ಡಿಇಟಿ ಟರ್ಬೋ ಎಂಜಿನ್ ಕೂರಿಸಿದೆ. ಟರ್ಬೋ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಜೊತೆಗಿದ್ದವರು ಅಪ್ಪ. ಅರಸೀಕೆರೆಯಲ್ಲಿ ಮೂವತ್ತೈದು ವರ್ಷ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಆರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದರು. ಎರಡನೇ ವಾರಕ್ಕೇ ಸುಮ್ನೆ ಕೂತು ಬೇಜಾರಾಗಿ ಗ್ಯಾರೇಜಿಗೆ ಇಳಿದರು.

ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಈ ಕೆಲಸದಲ್ಲಿ ಎಂಜಿನ್ ಎತ್ತಿ ಇಳಿಸುವುದು ಒಂದು ಭಾನುವಾರದ ಕೆಲಸ. ಉಳಿದ ಮೂರು ತಿಂಗಳು ಹೋಗುವುದು ಆಯಿಲ್ ಸೀಲು, ಪೈಪು, ವೈರಿಗೆ. ಎಂಜಿನ್ ನೆಲದ ಮೇಲೆ ಇರುವಾಗಲೇ ಮುಕ್ಕಾಲು ಕೆಲಸ ಮುಗಿಸಿಬಿಡಿ. ಒಳಗೆ ಕೂತ ಮೇಲೆ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಬೇಕಾಗುತ್ತದೆ.

ಈ ಕಾರಿಗೆ ಈ ಎಂಜಿನ್ ಯಾಕೆ

ಅಮೆರಿಕದ 240ಎಸ್‌ಎಕ್ಸ್ ಮತ್ತು ಜಪಾನಿನ ಎಸ್13 ಸಿಲ್ವಿಯಾ, 180ಎಸ್‌ಎಕ್ಸ್ ಒಂದೇ ತಳಹದಿಯ ಕಾರುಗಳು. ಅಮೆರಿಕಕ್ಕೆ ಬಂದಾಗ 2.4 ಲೀಟರಿನ ಕೆಎ24 ಎಂಜಿನ್ ಹಾಕಿದರು. 1991ರಿಂದ ಅದು ನಾಲ್ಕು ಸಿಲಿಂಡರಿಗೆ ಹದಿನಾರು ವಾಲ್ವಿನ ಕೆಎ24ಡಿಇ ಆಯಿತು, 155 ಕುದುರೆ ಶಕ್ತಿ. ಕಬ್ಬಿಣದ ಬ್ಲಾಕ್, ಗಟ್ಟಿ ಜೀವ. ಜಪಾನಿನಲ್ಲಿ ಅದೇ ವರ್ಷ ಸಿಲ್ವಿಯಾಗೆ ಎಸ್‌ಆರ್20ಡಿಇಟಿ ಬಂತು. 1998 ಸಿಸಿ, ಬೋರ್ 86 ಮಿಲಿಮೀಟರ್, ಸ್ಟ್ರೋಕ್ ಕೂಡ 86. ಅಲ್ಯೂಮಿನಿಯಂ ಬ್ಲಾಕ್, ಟಿ25 ಟರ್ಬೋ, 205 ಕುದುರೆ ಶಕ್ತಿ. ತಳಹದಿ ಒಂದೇ ಆದ್ದರಿಂದ ಈ ಎಂಜಿನ್ ತನ್ನ ಬ್ರಾಕೆಟ್ ಸಮೇತ ನಮ್ಮ ಕಾರಿನಲ್ಲಿ ಎಂಜಿನ್ ಹೊರುವ ಅಡ್ಡ ತೊಲೆಯ (ಕ್ರಾಸ್‌ಮೆಂಬರ್) ಮೇಲೆ ನೇರ ಕೂರುತ್ತದೆ. ವೆಲ್ಡಿಂಗ್ ಬೇಡ, ಕೊರೆಯುವುದು ಬೇಡ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಕಾನೂನಿನ ವಿಷಯ ಮೊದಲೇ ನೋಡಿಕೊಳ್ಳಿ. ಟರ್ಬೋ ಇಲ್ಲದ ಎಸ್‌ಆರ್20ಡಿಇ ಇಲ್ಲಿ ಸೆಂಟ್ರಾ ಎಸ್‌ಇ-ಆರ್ ಕಾರಿನಲ್ಲಿ ಮಾರಾಟವಾಗಿತ್ತು. ಟರ್ಬೋ ಇರುವ ಡಿಇಟಿ ಅಮೆರಿಕದ ಯಾವ ಕಾರಿನಲ್ಲೂ ಬರಲಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದಂಥ ಕಡೆ ಈ ಎಂಜಿನ್ ಹಾಕಿದ ಕಾರನ್ನು ಪಾಸ್ ಮಾಡಿಸಲು ಹೋಗಿ ಸಿಕ್ಕಿಹಾಕಿಕೊಂಡವರು ತುಂಬ ಜನ. ಟೆಕ್ಸಾಸ್‌ನಲ್ಲಿ 24 ವರ್ಷ ದಾಟಿದ ಕಾರಿಗೆ ಹೊಗೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲ ಅಂದ ಮಾತ್ರಕ್ಕೆ ಕೇಂದ್ರದ ಕ್ಲೀನ್ ಏರ್ ಆ್ಯಕ್ಟ್ ಇಲ್ಲದಂತಾಗುವುದಿಲ್ಲ. ಅದನ್ನು ಓದಿ. ನಿಮ್ಮ ರಾಜ್ಯದ ನಿಯಮ ಓದಿ. ಇನ್ಶೂರೆನ್ಸಿನವರಿಗೆ ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ಎಂಜಿನ್‌ಗೆ ದುಡ್ಡು ಕೊಡಿ. ನಾನು ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿಲ್ಲ. ಹಿಂದೆ ಬರುವವರು ನಮ್ಮ ಹೊಗೆ ಕುಡಿಯಬೇಕು ಅಂತ ಏನೂ ಇಲ್ಲ, ಅಲ್ವಾ?

ಎಂಜಿನ್ ಕೊಳ್ಳುವಾಗ

ಎಂಜಿನ್ ಒಂದನ್ನೇ ಕೊಳ್ಳಬೇಡಿ. ಸೆಟ್ ಕೊಳ್ಳಿ. ಎಂಜಿನ್, ಅದರದೇ ಗೇರ್‌ಬಾಕ್ಸ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ಪೂರ್ತಿ ವೈರಿಂಗ್, ಗಾಳಿ ಅಳೆಯುವ ಏರ್‌ಫ್ಲೋ ಮೀಟರ್, ಕಾಯಿಲುಗಳಿಂದ ಸ್ಪಾರ್ಕ್ ಹೊಡೆಸುವ ಇಗ್ನೈಟರ್, ಆಲ್ಟರ್ನೇಟರ್, ಪವರ್ ಸ್ಟಿಯರಿಂಗ್ ಪಂಪ್, ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಎಲ್ಲ ಒಟ್ಟಿಗೆ ಬರಬೇಕು. ಕೆಎ ಎಂಜಿನ್ನಿನ ಗೇರ್‌ಬಾಕ್ಸ್ ಎಸ್‌ಆರ್ ಎಂಜಿನ್‌ಗೆ ಕೂರುವುದಿಲ್ಲ, ಎಂಜಿನ್‌ಗೆ ತಾಗಿ ಕೂರುವ ಅದರ ಮುಂಭಾಗ (ಬೆಲ್‌ಹೌಸಿಂಗ್) ಬೇರೆ. ಏರ್‌ಫ್ಲೋ ಮೀಟರ್ ಒಂದನ್ನೇ ಆಮೇಲೆ ಹುಡುಕಿಕೊಂಡು ಹೋದರೆ ಅದರ ಬೆಲೆ ಕೇಳಿ ಸಾಕಾಗುತ್ತದೆ.

ನಾನು ಕೊಂಡದ್ದು ಕೆಂಪು ಮುಚ್ಚಳದ ಎಂಜಿನ್, ಎಲ್ಲ ಸೇರಿ 3,800 ಡಾಲರ್. ಮಾರಿದವರು 60,000 ಕಿಲೋಮೀಟರ್ ಓಡಿದೆ ಎಂದರು. ಮೂವತ್ತು ವರ್ಷ ಹಳೆಯ ಎಂಜಿನ್ನಿನ ವಿಷಯದಲ್ಲಿ ಈ ಸಂಖ್ಯೆಗೆ ಬೆಲೆ ಕೊಡಬೇಡಿ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ. ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ವಾಲ್ವ್ ತೆರೆಯುವ ಕ್ಯಾಮ್ ಜೇನಿನ ಬಣ್ಣಕ್ಕಿದ್ದರೆ ಸರಿ, ಕಪ್ಪು ಕೆಸರು ಮೆತ್ತಿದ್ದರೆ ವಾಪಸ್ ಬನ್ನಿ. ಟರ್ಬೋ ಬಾಯಿಗೆ ಕೈ ಹಾಕಿ ಶಾಫ್ಟ್ ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ, ಹಿಂದೆ ಮುಂದೆ ಆಡಬಾರದು, ರೆಕ್ಕೆ ಗೋಡೆಗೆ ತಾಗಬಾರದು. ವೈರಿಂಗನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ. ಜಪಾನಿನಲ್ಲಿ ಕಾರು ಕಳಚುವಾಗ ಆತುರಕ್ಕೆ ವೈರನ್ನು ಕತ್ತರಿಸಿಬಿಡುತ್ತಾರೆ. ಕತ್ತರಿಸಿದ್ದರೆ ಆ ಸೆಟ್ ಬೇಡ.

ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯನ್ನು ಎಂಜಿನ್ ನೆಲದ ಮೇಲಿರುವಾಗಲೇ ಮಾಡಬಹುದು. ಗೇರ್‌ಬಾಕ್ಸ್ ಕೂಡಿಕೊಂಡೇ ಇರಬೇಕು, ಸೆಲ್ಫ್ ಮೋಟರ್ ಇರುವುದು ಅದರ ಮೇಲೆ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ತಿರುಗಿಸಿ. ನನ್ನದರಲ್ಲಿ 160, 158, 162, 160 ಪಿಎಸ್‌ಐ ಬಂತು. ಸಂಖ್ಯೆ ಎಷ್ಟು ಎನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇರುವುದು ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಹತ್ತು ಪರ್ಸೆಂಟಿಗಿಂತ ಕೆಳಗಿದ್ದರೆ ಬಿಟ್ಟುಬಿಡಿ. ಅಪ್ಪ ಗೇಜ್ ನೋಡದೆ, ಎಂಜಿನ್ ತಿರುಗುವ ಸದ್ದು ಕೇಳಿಯೇ "ನಾಲ್ಕೂ ಸಮ ಐತೆ ಪುಟ್ಟಿ, ತಗೋ" ಎಂದರು. ಒಂದು ಸಿಲಿಂಡರ್ ಸೋತಿದ್ದರೆ ಸೆಲ್ಫ್ ಸದ್ದಿನಲ್ಲಿ ಲಯ ತಪ್ಪುತ್ತದೆ. ನೀವೂ ಕಿವಿ ಕೊಟ್ಟು ನೋಡಿ, ಗೊತ್ತಾಗುತ್ತದೆ.

ಹಳೆಯದನ್ನು ಇಳಿಸುವುದು

ಮೊದಲು ಎಸಿ. 1992ರ ಕಾರಿನಲ್ಲಿ ಹಳೆಯ ಆರ್12 ಗ್ಯಾಸ್ ಇರುತ್ತದೆ. ಅದನ್ನು ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ, ಓಝೋನ್‌ಗೂ ಕೆಟ್ಟದ್ದು. ಕಾರು ಓಡುತ್ತಿರುವಾಗಲೇ ಎಸಿ ಅಂಗಡಿಗೆ ಹೋಗಿ ಗ್ಯಾಸ್ ತೆಗೆಸಿಕೊಂಡು ಬನ್ನಿ.

ಮನೆಗೆ ಬಂದ ಮೇಲೆ ಪೆಟ್ರೋಲ್ ಒತ್ತಡ ಇಳಿಸಿ. ಎಂಜಿನ್ ಓಡುತ್ತಿರುವಾಗ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತರೆ ತಾನೇ ನಿಂತುಹೋಗುತ್ತದೆ. ಆಮೇಲೆ ಬ್ಯಾಟರಿ ಬಿಚ್ಚಿ. ಬಾನೆಟ್ ತೆಗೆಯುವ ಮುಂಚೆ ಹಿಂಜ್ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಕೂಲಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್ ಮೂರನ್ನೂ ಬೇರೆ ಬೇರೆ ಡಬ್ಬಿಗೆ ಇಳಿಸಿ. ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ತಟ್ಟೆಯನ್ನು ಬಿಟ್ಟು ಒಳಗೆ ಹೋಗಬೇಡಿ.

ಇಸಿಯು ಇರುವುದು ಪಕ್ಕದ ಸೀಟಿನವರ ಕಾಲ ಹತ್ತಿರ, ಪಕ್ಕದ ಪ್ಯಾನಲ್ ಹಿಂದೆ. ಅದರ ಪ್ಲಗ್ ಬಿಚ್ಚಿ ವೈರಿಂಗನ್ನು ಎಂಜಿನ್ ಮತ್ತು ಕಾರಿನ ಒಳಗಿನ ನಡುವಿನ ತಗಡಿನ ಗೋಡೆಯ (ಫೈರ್‌ವಾಲ್) ತೂತಿನಿಂದ ಎಂಜಿನ್ ಕಡೆಗೆ ತಳ್ಳಿ, ಎಂಜಿನ್ ಜೊತೆಗೇ ಬರಲಿ. ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ನಾಲ್ಕು ಬೋಲ್ಟ್ ಬಿಚ್ಚಿ ಎಳೆದ ತಕ್ಷಣ ಗೇರ್‌ಬಾಕ್ಸಿನ ಬಾಲದಿಂದ ಆಯಿಲ್ ಸುರಿಯುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಬಿಚ್ಚಿದ ಪ್ರತಿಯೊಂದು ಬೋಲ್ಟು ಜಿಪ್ ಚೀಲಕ್ಕೆ ಹೋಗಬೇಕು, ಚೀಲದ ಮೇಲೆ ಹೆಸರು ಇರಬೇಕು. ಅಪ್ಪನಿಗೆ ಓದಲು ಆಗಲಿ ಎಂದು ನಾನು ಕನ್ನಡದಲ್ಲೇ ಬರೆದೆ. "ಎಡ ಮೌಂಟ್, ಕೆಳಗಿನದು." "ಸೆಲ್ಫ್, ಉದ್ದದ್ದು ಮೇಲೆ." ಒಟ್ಟು 63 ಚೀಲ. ಜೋಡಿಸುವಾಗ ಒಂದೇ ಒಂದು ಬೋಲ್ಟಿಗೂ ಹುಡುಕಾಡಲಿಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಸಾಕು ಅಂದುಕೊಳ್ಳಬೇಡಿ. ಫೋಟೋದಲ್ಲಿ ಬೋಲ್ಟಿನ ಉದ್ದ ಕಾಣುವುದಿಲ್ಲ.

ಎರಡು ಟನ್ನಿನ ಎಂಜಿನ್ ಕ್ರೇನನ್ನು ಬಾಡಿಗೆಗೆ ತಂದೆ. ಜೊತೆಗೆ ಎಂಜಿನ್ ಓರೆ ಮಾಡುವ ಲೆವೆಲರ್ ಇರಲೇಬೇಕು. ಗೇರ್‌ಬಾಕ್ಸ್ ಸಮೇತ ಮೇಲಿನಿಂದಲೇ ಎತ್ತುವುದಾದರೆ ಬಾಲ ಕೆಳಕ್ಕೂ ಮೂತಿ ಮೇಲಕ್ಕೂ ತಿರುಗಬೇಕಾಗುತ್ತದೆ. ಸರಪಳಿಯನ್ನು ಎಂಜಿನ್ನಿನದೇ ಎತ್ತುವ ಕೊಂಡಿಗಳಿಗೆ ಹಾಕಿ. ತೂಗುವ ಎಂಜಿನ್ ಕೆಳಗೆ ಕೈಯಾಗಲಿ ಕಾಲಾಗಲಿ ಒಂದು ಕ್ಷಣಕ್ಕೂ ಹೋಗಬಾರದು. ಅಪ್ಪನ ಗ್ಯಾರೇಜಿನಲ್ಲಿ ಚೈನ್ ಬ್ಲಾಕ್ ಜಾರಿ ಒಬ್ಬ ಹುಡುಗನ ಎರಡು ಬೆರಳು ಹೋದದ್ದನ್ನು ನಾನು ಏಳನೇ ಕ್ಲಾಸಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ದಿನದ ನಂತರ ಅಪ್ಪ, ಎಂಜಿನ್ ನೇತಾಡುತ್ತಿದ್ದರೆ ಯಾರೂ ಮಾತಾಡಬಾರದು ಎಂದು ಕಟ್ಟಳೆ ಮಾಡಿದರು. ನಮ್ಮ ಗ್ಯಾರೇಜಿನಲ್ಲೂ ಅದನ್ನೇ ಪಾಲಿಸಿದೆವು.

ನೆಲದ ಮೇಲಿನ ಕೆಲಸ

ಇಲ್ಲಿ ಸಮಯ ಕೊಡಿ. ನಾವು ಐದು ವಾರ ಕೊಟ್ಟೆವು.

ಗೇರ್‌ಬಾಕ್ಸ್ ಬೇರೆ ಮಾಡಿ, ಹಳೆಯ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಹೊಸದು ಹಾಕಿ. ಫ್ಲೈವೀಲ್ ಬಿಚ್ಚಿದಾಗ ಅದರ ಹಿಂದಿರುವ ಕ್ರ್ಯಾಂಕಿನ ಹಿಂಬದಿ ಆಯಿಲ್ ಸೀಲ್ ಬದಲಿಸಿ. ಆ ಸೀಲಿಗೆ ಕೊಡುವ ದುಡ್ಡು ತುಂಬ ಕಡಿಮೆ. ಅದು ಆಮೇಲೆ ಸೋರಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ವಾಟರ್ ಪಂಪ್, ಥರ್ಮೋಸ್ಟಾಟ್, ಎಲ್ಲ ಬೆಲ್ಟು, ಮೇಲಿನ ಮುಚ್ಚಳದ ಪ್ಯಾಕಿಂಗ್ ಹೊಸದಾಗಲಿ. ಕ್ಯಾಮ್ ತಿರುಗಿಸುವುದು ಬೆಲ್ಟ್ ಅಲ್ಲ, ಚೈನು. ಅದು ಗಲಗಲ ಅನ್ನದಿದ್ದರೆ ಮುಟ್ಟುವ ಅಗತ್ಯವಿಲ್ಲ. ಪೆಟ್ರೋಲ್ ಸಮಯ ತಪ್ಪಿ ಸಿಡಿಯುವುದನ್ನು (ನಾಕ್) ಹಿಡಿಯುವ ನಾಕ್ ಸೆನ್ಸರ್ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿ ಕೂತಿರುತ್ತದೆ. ಅದರ ಚಿಕ್ಕ ವೈರು ಕಾವಿಗೆ ಒಣಗಿ ಪುಡಿಯಾಗಿರುತ್ತದೆ. ಅದನ್ನೂ ಈಗಲೇ ಬದಲಿಸಿ.

ಟರ್ಬೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅದನ್ನು ಹಿಡಿದಿರುವುದು ಒಂದು ತೆಳು ಆಯಿಲ್ ಪದರ ಮಾತ್ರ. ಆ ಆಯಿಲ್ ತರುವುದು ಬೆರಳಿಗಿಂತ ಸಣ್ಣ ಪೈಪು. ಅದರೊಳಗೆ ಸುಟ್ಟ ಆಯಿಲ್ ಕಟ್ಟಿಕೊಂಡಿದ್ದರೆ ಎಂಜಿನ್ನಿನ ಉಳಿದ ಭಾಗ ಎಷ್ಟೇ ಚೆನ್ನಾಗಿದ್ದರೂ ಟರ್ಬೋ ಸಾಯುತ್ತದೆ. ಪೈಪನ್ನು ಬಿಚ್ಚಿ, ಪೂರ್ತಿ ತೊಳೆದು, ಈ ತುದಿಯಿಂದ ಊದಿದರೆ ಆ ತುದಿಯಲ್ಲಿ ಗಾಳಿ ಸಲೀಸಾಗಿ ಬರುತ್ತದೋ ನೋಡಿ. ಎರಡೂ ಕಡೆಯ ತಾಮ್ರದ ವಾಷರ್ ಹೊಸದು ಹಾಕಿ. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಟ್ಟಿಯಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಟರ್ಬೋಗೆ ನೀರು ಹೋಗುವ, ಬರುವ ಸಣ್ಣ ರಬ್ಬರ್ ಪೈಪುಗಳನ್ನೂ ಬಿಡಬೇಡಿ. ಎಂಜಿನ್ ಒಳಗೆ ಕೂತ ಮೇಲೆ ಅವು ಕೈಗೇ ಸಿಗುವುದಿಲ್ಲ.

ಈ ಕೆಲಸವನ್ನು ಅಪ್ಪ ನನಗೆ ಬಿಡಲಿಲ್ಲ. ಅಡುಗೆಮನೆಯಿಂದ ಒಗೆದ ಹತ್ತಿ ಬಟ್ಟೆ ತಂದು ಹಾಸಿ, ಅದರ ಮೇಲೆ ಆಯಿಲ್ ಪೈಪು ಹಿಡಿಯುವ ತೂತಿನ ಬೋಲ್ಟುಗಳನ್ನು (ಬ್ಯಾಂಜೋ ಬೋಲ್ಟ್) ಒಂದೊಂದಾಗಿ ಇಟ್ಟು ಒರೆಸಿದರು. "ಲಾರೀಲಿ ಟರ್ಬೋ ಹೋಗೋದು ಓಡ್ಸಿ ಅಲ್ಲಮ್ಮ, ಧೂಳಿಗೆ" ಎಂದರು. ಟರ್ಬೋದ ಎಲ್ಲ ಬಾಯಿಗೂ ಜೋಡಿಸುವ ಕ್ಷಣದವರೆಗೆ ಟೇಪ್ ಅಂಟಿಸಿಟ್ಟೆವು. ಬಿದ್ದ ಒಂದು ಸಣ್ಣ ನಟ್ಟು ಸಾಕು, ರೆಕ್ಕೆ ಚೂರಾಗಲು.

ಹಳೆಯ ಕೆಎ ಎಂಜಿನ್ನನ್ನು ಮಾರುವ ಮುಂಚೆ ಅದರಿಂದ ಎರಡು ಚಿಕ್ಕ ಸಾಮಾನು ಬಿಚ್ಚಿಟ್ಟುಕೊಳ್ಳಿ. ಒಂದು, ಮೀಟರ್ ಬೋರ್ಡಿಗೆ ಎಂಜಿನ್ ಬಿಸಿ ತೋರಿಸುವ ಒಂಟಿ ವೈರಿನ ಸೆಂಡರ್. ಇನ್ನೊಂದು, ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್. ಇವೆರಡನ್ನೂ ಎಸ್‌ಆರ್ ಎಂಜಿನ್, ಗೇರ್‌ಬಾಕ್ಸಿಗೆ ಹಾಕಿದರೆ ನಿಮ್ಮ ಹಳೆಯ ಮೀಟರುಗಳೇ ಸರಿಯಾಗಿ ಓದುತ್ತವೆ.

ವೈರಿಂಗ್

ಜಪಾನಿನ ಕಾರಿನಲ್ಲಿ ಸ್ಟಿಯರಿಂಗ್ ನಮ್ಮ ಊರಿನ ಹಾಗೆ ಬಲಕ್ಕೆ. ಅಲ್ಲಿ ಇಸಿಯು ಎಡಗಡೆ ಇದ್ದರೆ ಅಮೆರಿಕದ ಕಾರಿನಲ್ಲಿ ಬಲಗಡೆ. ಹಾಗಾಗಿ ಬಂದ ವೈರಿಂಗ್ ಇದ್ದ ಹಾಗೆ ಕೂರುವುದಿಲ್ಲ. ಉದ್ದ ಮಾಡಬೇಕು, ದಾರಿ ಬದಲಿಸಬೇಕು, ಕಾರಿನ ಪ್ಲಗ್ಗಿಗೆ ಹೊಂದಿಸಬೇಕು. ಜಪಾನಿನ ವೈರಿಂಗ್ ನಕ್ಷೆ ಒಂದು, ನಿಮ್ಮ ವರ್ಷದ 240ಎಸ್‌ಎಕ್ಸ್ ನಕ್ಷೆ ಒಂದು, ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ. ನೋಡಿದರೆ ಭಯವಾಗುತ್ತದೆ, ಆದರೆ ಎರಡರ ನಡುವೆ ಕೂಡಿಸಬೇಕಾದ ವೈರು ಕೆಲವೇ. ಯಾವಾಗಲೂ ಇರುವ ಬ್ಯಾಟರಿ ಕರೆಂಟು, ಕೀ ತಿರುಗಿಸಿದರೆ ಬರುವ ಕರೆಂಟು, ಸೆಲ್ಫ್ ಹೊಡೆಯುವಾಗಿನ ಸಿಗ್ನಲ್, ಫ್ಯೂಯಲ್ ಪಂಪ್ ರಿಲೇ, ಆರ್‌ಪಿಎಂ ಮುಳ್ಳು, ಸ್ಪೀಡು, ಬಿಸಿ, ಆಯಿಲ್ ಲೈಟು, ಚಾರ್ಜಿಂಗ್ ಲೈಟು. ಉಳಿದದ್ದೆಲ್ಲ ಎಂಜಿನ್ ಮತ್ತು ಇಸಿಯು ನಡುವಿನ ಅವರದೇ ಮಾತುಕತೆ, ನಮಗೆ ಕೆಲಸವಿಲ್ಲ.

ನಾನು ಕೆಲಸದಲ್ಲಿ ದಿನವೂ ಕನೆಕ್ಟರುಗಳನ್ನೇ ನೋಡುವವಳಾದರೂ ಸಮಯ ಉಳಿಸಲು ವೈರಿಂಗನ್ನು ಬದಲಾಯಿಸಿ ಕೊಡುವವರಿಗೆ ಕಳಿಸಿದೆ. ನಾಲ್ಕು ವಾರಕ್ಕೆ ನೀಟಾಗಿ ಸುತ್ತಿ ವಾಪಸ್ ಬಂತು. ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಮೂರು ಸಿಲಿಂಡರಿನಲ್ಲಿ ಓಡಿತು. ಮೂರನೇ ಸಿಲಿಂಡರಿನ ಕಾಯಿಲ್ ಬಿಚ್ಚಿದರೂ ಸದ್ದು ಬದಲಾಗಲಿಲ್ಲ. ಆ ಕಾಯಿಲನ್ನು ಒಂದನೇ ಸಿಲಿಂಡರಿಗೆ ಹಾಕಿದೆ, ಅಲ್ಲಿ ಸರಿಯಾಗಿ ಹೊಡೆಯಿತು. ಮೂರನೆಯದು ಸತ್ತೇ ಇತ್ತು. ಅಂದರೆ ಕಾಯಿಲ್ ಚೆನ್ನಾಗಿದೆ, ತೊಂದರೆ ವೈರಿನಲ್ಲಿ. ಮಲ್ಟಿಮೀಟರ್ ಹಿಡಿದು ಇಸಿಯು ಪ್ಲಗ್ಗಿನಿಂದ ಇಗ್ನೈಟರಿಗೆ, ಅಲ್ಲಿಂದ ಕಾಯಿಲಿಗೆ ಒಂದೊಂದೇ ತುಂಡು ನೋಡುತ್ತಾ ಹೋದೆ. ಇಗ್ನೈಟರ್ ಪ್ಲಗ್ಗಿನಲ್ಲಿ ಒಂದು ಪಿನ್ ಪೂರ್ತಿ ಕೂತಿರಲಿಲ್ಲ. ಪ್ಲಗ್ ಒತ್ತಿದಾಗ ಹಿಂದಕ್ಕೆ ಸರಿದಿತ್ತು. ಟಕ್ ಎನ್ನುವವರೆಗೆ ತಳ್ಳಿದೆ, ಸರಿಹೋಯಿತು. ಯಾರೇ ಮಾಡಿಕೊಟ್ಟಿರಲಿ, ಕಾರಿಗೆ ಹಾಕುವ ಮುಂಚೆ ಪ್ರತಿ ಪ್ಲಗ್ಗಿನ ಪ್ರತಿ ವೈರನ್ನೂ ಹಿಂದಿನಿಂದ ಮೆಲ್ಲಗೆ ಎಳೆದು ನೋಡಿ. ಒಂದು ಗಂಟೆಯ ಕೆಲಸ. ನನಗೆ ಎರಡು ದಿನ ಹೋಯಿತು.

ಅರ್ತ್ ವೈರುಗಳನ್ನು ಮರೆಯಬೇಡಿ. ಬ್ಯಾಟರಿಯಿಂದ ಬ್ಲಾಕಿಗೆ, ಬ್ಲಾಕಿನಿಂದ ಬಾಡಿಗೆ, ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲಿನ ಇಸಿಯು ಅರ್ತ್. ಬಣ್ಣ ಕೆರೆದು ಹೊಳೆಯುವ ಲೋಹದ ಮೇಲೆ ಕೂರಿಸಿ. ವಿಚಿತ್ರ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಒಳಗೆ ಕೂರಿಸುವುದು, ಪೆಟ್ರೋಲ್, ಗಾಳಿ

ಕೂರಿಸುವ ದಿನ ನನ್ನ ಗಂಡನನ್ನೂ ಸೇರಿಸಿ ಮೂವರಿದ್ದೆವು. ಮೂವರು ಬೇಕು. ಒಬ್ಬರು ಕ್ರೇನ್, ಒಬ್ಬರು ಲೆವೆಲರ್, ಒಬ್ಬರು ಕಾರಿನ ಕೆಳಗೆ ಅಲ್ಲ, ಪಕ್ಕದಲ್ಲಿ ಜಾಕ್ ಹಿಡಿದು ಗೇರ್‌ಬಾಕ್ಸಿನ ಬಾಲಕ್ಕೆ ಆಸರೆ. ಫೈರ್‌ವಾಲಿನ ಬ್ರೇಕ್ ಪೈಪುಗಳಿಗೆ ಹಳೆಯ ಕಂಬಳಿ ಹೊದಿಸಿ. ಎರಡೂ ಮೌಂಟಿನ ಬೋಲ್ಟನ್ನು ಕೈಯಲ್ಲೇ ಎರಡು ಸುತ್ತು ಹಿಡಿಸಿ, ಹಿಂದಿನ ಗೇರ್‌ಬಾಕ್ಸ್ ಮೌಂಟ್ ಸೇರಿಸಿ, ಎಲ್ಲ ನೆಟ್ಟಗೆ ಕೂತ ಮೇಲೆ ಬಿಗಿ ಮಾಡಿ. ಮ್ಯಾನುಯಲ್ ಕಾರಾದರೆ ನಿಮ್ಮ ಹಳೆಯ ಪ್ರೊಪೆಲ್ಲರ್ ಶಾಫ್ಟ್ ಹಾಗೆಯೇ ಸೇರುತ್ತದೆ. ಆಟೋಮ್ಯಾಟಿಕ್ ಕಾರಿನದು ಸೇರುವುದಿಲ್ಲ.

ಹಳೆಯ ಫ್ಯೂಯಲ್ ಪಂಪ್ ಟರ್ಬೋಗೆ ಸಾಲದು. ಒತ್ತಡ ಏರಿದಾಗ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ. ಗಂಟೆಗೆ 255 ಲೀಟರ್ ಕೊಡುವ ಪಂಪ್ ಹಾಕಿದೆ. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಮುಚ್ಚಳ ಇದೆ, ಟ್ಯಾಂಕ್ ಇಳಿಸುವ ಅಗತ್ಯವಿಲ್ಲ. ಗ್ಯಾರೇಜ್ ಬಾಗಿಲು ಪೂರ್ತಿ ತೆರೆದು, ವಾಟರ್ ಹೀಟರಿನ ಪೈಲಟ್ ಆರಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾಡಿ. ಎಂಜಿನ್ ಕಡೆಯ ಪೆಟ್ರೋಲ್ ಪೈಪು ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ್ದಾಗಿರಬೇಕು, ಕ್ಲಾಂಪ್ ಕೂಡ ಅದರದೇ.

ಇಂಟರ್‌ಕೂಲರ್ ಪೈಪುಗಳಲ್ಲಿ ಸೋರಿಕೆ ಇರಲೇಬಾರದು. ಈ ಎಂಜಿನ್ ಮೊದಲು ಗಾಳಿಯನ್ನು ಮೀಟರಿನಲ್ಲಿ ಅಳೆದು, ಆ ಲೆಕ್ಕಕ್ಕೆ ಪೆಟ್ರೋಲ್ ಹಾಕುತ್ತದೆ. ಅಳೆದ ಗಾಳಿ ಮಧ್ಯದಲ್ಲಿ ಸೋರಿಹೋದರೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತದೆ, ಕಾರು ಮುಗ್ಗರಿಸುತ್ತದೆ. ಗೇರ್ ಹಾಕುವಾಗ ಗಾಳಿಯನ್ನು ಉಸ್ ಎಂದು ಹೊರಗೆ ಬಿಡುವ ವಾಲ್ವ್ ಹಾಕಿದರೂ ಇದೇ ಕಥೆ. ಸದ್ದಿಗೆ ಆಸೆಪಟ್ಟು ಹಾಕಬೇಡಿ. ಕಂಪನಿಯ ವಾಲ್ವ್ ಗಾಳಿಯನ್ನು ಟರ್ಬೋ ಬಾಯಿಗೇ ವಾಪಸ್ ಕೊಡುತ್ತದೆ, ಅದೇ ಸರಿ. ಎಲ್ಲ ಜೋಡಿಸಿದ ಮೇಲೆ ಟರ್ಬೋ ಬಾಯಿಗೆ ಮುಚ್ಚಳ ಕಟ್ಟಿ ಹತ್ತು ಪಿಎಸ್‌ಐ ಗಾಳಿ ಬಿಟ್ಟು, ಪ್ರತಿ ಕ್ಲಾಂಪಿಗೂ ಸೋಪಿನ ನೀರು ಹಚ್ಚಿ. ನಮ್ಮದರಲ್ಲಿ ಎರಡು ಕಡೆ ಗುಳ್ಳೆ ಬಂತು.

ಬ್ರೇಕ್ ಬಗ್ಗೆ ಒಂದೇ ಮಾತು. ಎಂಜಿನ್‌ಗೆ ಮುಂಚೆ ಅದನ್ನು ಮಾಡಿ. ನಾನು 300ಝಡ್‌ಎಕ್ಸ್ ಕಾರಿನ ನಾಲ್ಕು ಪಿಸ್ಟನ್ ಕ್ಯಾಲಿಪರ್, ಹೊಸ ಹೋಸ್, ಹೊಸ ಆಯಿಲ್ ಹಾಕಿ ತಿಂಗಳು ಓಡಿಸಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದ್ದು.

ಮೊದಲ ಸ್ಟಾರ್ಟ್

ಆಯಿಲ್ ಹಾಕಿ, ಫಿಲ್ಟರ್ ಸೇರಿ ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ, ಡಿಪ್‌ಸ್ಟಿಕ್ ನೋಡಿಕೊಂಡು ತುಂಬಿ. ಟರ್ಬೋದ ಆಯಿಲ್ ಬಾಯಿಗೆ ಸಿರಿಂಜಿನಲ್ಲಿ ಸ್ವಲ್ಪ ಹೊಸ ಆಯಿಲ್ ಬಿಟ್ಟು ಕೈಯಲ್ಲಿ ರೆಕ್ಕೆ ತಿರುಗಿಸಿ. ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು, ಕಾಯಿಲ್ ಪ್ಲಗ್ ಬಿಚ್ಚಿ, ಸ್ಪಾರ್ಕ್ ಪ್ಲಗ್ ಇಲ್ಲದೆ ಹತ್ತತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಯಿಲ್ ಲೈಟ್ ಆರುವವರೆಗೆ ಇಷ್ಟೇ ಕೆಲಸ. ನಮಗೆ ಐದು ಸಲ ಹೊಡೆಯಬೇಕಾಯಿತು. ಆಮೇಲೆ ಪ್ಲಗ್ ಹಾಕಿ. ನಾನು ಹಾಕಿದ್ದು 0.8 ಮಿಲಿಮೀಟರ್ ಗ್ಯಾಪಿನ ಎನ್‌ಜಿಕೆ.

ಕೂಲಂಟ್ ತುಂಬುವಾಗ ಕಾರಿನ ಮೂತಿ ಎತ್ತರದಲ್ಲಿರಲಿ, ಒಳಗಿನ ಹೀಟರ್ ಫುಲ್ ಇರಲಿ. ಗಾಳಿ ಬಿಡುವ ಬೋಲ್ಟ್ ಇನ್‌ಟೇಕ್ ಹತ್ತಿರ ಇದೆ. ಗುಳ್ಳೆ ನಿಂತು ನೀರು ಒಂದೇ ಸಮ ಬಂದ ಮೇಲೆ ಮುಚ್ಚಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಂಡರೆ ಒಂದು ಸಲದ ಬಿಸಿಗೇ ಹೆಡ್ ಬಾಗುತ್ತದೆ.

ಸ್ಟಾರ್ಟ್ ಆದ ಮೇಲೆ ರೇಸ್ ಮಾಡಬೇಡಿ. ಒಬ್ಬರು ಆಯಿಲ್ ಲೈಟ್ ನೋಡಲಿ, ಒಬ್ಬರು ಟಾರ್ಚ್ ಹಿಡಿದು ಟರ್ಬೋ ಪೈಪು, ಪೆಟ್ರೋಲ್ ಪೈಪು ನೋಡಲಿ. ಮೂರನೇ ಸಿಲಿಂಡರ್ ಸರಿಯಾದ ಮೇಲೆ ನಮ್ಮ ಎಂಜಿನ್ ಸಣ್ಣಗೆ, ಸಮವಾಗಿ ಓಡತೊಡಗಿತು. ಅಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಬ್ಲಾಕಿನ ಮೇಲೆ ಒಂದೊಂದು ಕಡೆ ಒತ್ತಿ ಕೇಳಿದರು. ಐದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ತಲೆಯಾಡಿಸಿ ಕೈ ತೊಳೆಯಲು ಹೋದರು. ನನಗೆ ಗಂಟಲು ಕಟ್ಟಿತ್ತು.

ಎಂಜಿನ್ ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿದು, ಕ್ರ್ಯಾಂಕ್ ಆ್ಯಂಗಲ್ ಸೆನ್ಸರ್ ತಿರುಗಿಸಿ 15 ಡಿಗ್ರಿಗೆ ಇಡಿ. ಐಡಲ್ 850ರ ಆಸುಪಾಸು ಇರಲಿ. ಇಸಿಯು ಮೇಲೆ ಚಿಕ್ಕ ಎಲ್‌ಇಡಿ ಇದೆ. ತಪಾಸಣೆ ಮೋಡಿನಲ್ಲಿ ಅದು ಐದು ಸಲ ಉದ್ದಕ್ಕೆ, ಐದು ಸಲ ಚಿಕ್ಕದಾಗಿ ಮಿನುಗಿದರೆ 55 ಎಂದು ಅರ್ಥ. ನಿಸಾನ್ ಭಾಷೆಯಲ್ಲಿ 55 ಅಂದರೆ ಯಾವ ದೋಷವೂ ಇಲ್ಲ.

ಓಡಿಸಲು ಶುರು ಮಾಡಿದ ಮೇಲೆ

ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಕಂಪನಿ ಕೊಟ್ಟ ಏಳು ಪಿಎಸ್‌ಐ ಸುಮಾರಿಗೇ ಇರಲಿ. ಜಪಾನಿನ ಇಸಿಯು ಅಲ್ಲಿನ 100 ಆಕ್ಟೇನ್ ಪೆಟ್ರೋಲಿಗೆ ಹೊಂದಿಸಿದ್ದು. ಇಲ್ಲಿ ಬಂಕಿನ 93 ಅಂದರೆ ಆ ಅಳತೆಯಲ್ಲಿ ಸುಮಾರು 98 ಆಗುತ್ತದೆ, ಅಳೆಯುವ ವಿಧಾನ ಬೇರೆ. ಅಂದರೆ ನಾಕ್ ಆಗದಂತೆ ನಮಗೆ ಇರುವ ಅಂಚೇ ಕಡಿಮೆ. 87 ಹಾಕಲೇಬೇಡಿ. ಎಕ್ಸಾಸ್ಟಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಗಾಳಿ ಪೆಟ್ರೋಲ್ ಅನುಪಾತ ನೋಡುತ್ತಿರಿ. ಎಸ್‌ಆರ್ ಎಂಜಿನ್ನಿನ ಬಲಹೀನ ಜಾಗ ವಾಲ್ವ್ ಒತ್ತುವ ರಾಕರ್ ಆರ್ಮ್. ನಾಲ್ಕಕ್ಕೆ ಹಾಕುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ ಆರ್‌ಪಿಎಂ ಮಿತಿ ಮೀರಿ ರಾಕರ್ ಕಳಚಿ ಬೀಳುತ್ತದೆ. ಗೇರ್ ಬದಲಿಸುವಾಗ ಕೈ ಮೆತ್ತಗಿರಲಿ.

ಜೋರಾಗಿ ಓಡಿಸಿ ಬಂದ ತಕ್ಷಣ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಬಿಸಿ ಟರ್ಬೋದಲ್ಲಿ ಆಯಿಲ್ ನಿಂತರೆ ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ನಮ್ಮೂರ ಲಾರಿ ಡ್ರೈವರುಗಳಿಗೆ ಅಪ್ಪ ಹೇಳುತ್ತಿದ್ದದ್ದೂ ಇದನ್ನೇ. ಟೀ ಕುಡಿಯಲು ನಿಲ್ಲಿಸಿದರೆ ಮೊದಲು ಕೆಳಗಿಳಿದು ಟೈರ್ ತಟ್ಟಿ ನೋಡು, ಆಮೇಲೆ ಕೀ ತೆಗಿ. ಈಗ ನಾನೂ ಮನೆ ಮುಂದೆ ಟೈರ್ ನೋಡಿಯೇ ಆಫ್ ಮಾಡುತ್ತೇನೆ.

ಮೊದಲ 500 ಮೈಲಿ ಹೊಸ ಕ್ಲಚ್ ಪಳಗಲು ಊರೊಳಗೇ ಮೆತ್ತಗೆ ಓಡಿಸಿ. ಅಷ್ಟಾದ ಮೇಲೆ ಎಂಜಿನ್ ತಣ್ಣಗಿರುವಾಗ ಟರ್ಬೋ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ಪಾನಾ ಹಾಕಿ. ಕಾವು ತಿಂದು ಅವು ಸಡಿಲವಾಗಿರುತ್ತವೆ, ನಮ್ಮದರಲ್ಲಿ ಮೂರು ಸಡಿಲವಾಗಿದ್ದವು. ಆಯಿಲ್ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಬೇರಿಂಗ್ ಸವೆದಿದ್ದರೆ ಹೊಳೆಯುವ ಚೂರು ಕಾಣುತ್ತದೆ. ನಾವು ಇದನ್ನು ಮಾಡಿದ್ದು ಅಪ್ಪ ಊರಿಗೆ ಹೊರಡುವ ಹಿಂದಿನ ದಿನ. ಅಪ್ಪ ಕನ್ನಡಕ ಏರಿಸಿ ಕಾಗದದ ಒಂದೊಂದು ಮಡಿಕೆಯನ್ನೂ ಬಿಡಿಸಿದರು. ಕಪ್ಪು ಆಯಿಲ್ ಬಿಟ್ಟರೆ ಏನೂ ಇರಲಿಲ್ಲ.